ಟ್ಯಾಬಿನೊಳಗಿನ ಕುರಿಗಳು

ಆ ಪರೀಕ್ಷೆಯ ಮಾತು ಬಂದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಯಲ್ಲಿ ಯಾರಾದರೂ ಅದರ ಸುದ್ದಿ ತೆಗೆದರೆ ನಮ್ಮ ಯಜಮಾನರು ಚಹಾದ ಲೋಟ ಹಿಡಿದುಕೊಂಡು ಹೊರಗಿನ ಕಟ್ಟೆಗೆ ಹೋಗಿಬಿಡುತ್ತಾರೆ. ಇನ್ನು ಅರ್ಧ ಗಂಟೆ ಇವಳ ಬಾಯಿ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತು. ಹೋಗಲಿ ಬಿಡಿ. ಬಾಯಿ ತೆಗೆಯಬೇಕಾದ ದಿನ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಆ ಸಿಟ್ಟೂ ಇದರಲ್ಲಿ ಸೇರಿದೆ.

ನಾನು ಕೊಟ್ಟೂರಿನ ಬಟ್ಟೆ ಅಂಗಡಿಯ ಮನೆತನದವಳು. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಥಾನುಗಳ ವಾಸನೆಯಲ್ಲೇ. ಕುರಿ ಎಂದರೆ ರಸ್ತೆಗೆ ಅಡ್ಡ ಬಂದು ಬಸ್ಸು ನಿಲ್ಲಿಸುವ ಒಂದು ಗದ್ದಲ ಅಂತಷ್ಟೇ ನನಗೆ ಗೊತ್ತಿತ್ತು. ಅಂಥವಳಿಗೆ ಗುಡೇಕೋಟೆ ಕಡೆಯ ಒಂದು ಊರಿಗೆ ವರ್ಗವಾಯಿತು. ಕೂಡ್ಲಿಗಿಯಲ್ಲಿ ಬಾಡಿಗೆ ಮನೆ, ಬೆಳಿಗ್ಗೆ ಎಂಟರ ಬಸ್ಸು, ಇಳಿದ ಮೇಲೆ ಒಂದು ಮೈಲಿ ನಡಿಗೆ. ಒಂದು, ಎರಡು, ಮೂರು, ಈ ಮೂರೂ ತರಗತಿಗಳು ಒಂದೇ ಕೋಣೆಯಲ್ಲಿ, ಮೂರಕ್ಕೂ ನಾನೊಬ್ಬಳೇ. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಕುರಿ ಸಾಕುವ ಮನೆಗಳವರು, ಊರಾಚೆಯ ಹಟ್ಟಿಯಿಂದ ಬರುವವರು. ಒಂಬತ್ತು ವರ್ಷ ಅವರ ನಡುವೆ ಇದ್ದೇನೆ, ನನಗೆ ಎಲ್ಲ ಗೊತ್ತು ಎಂಬ ಜಂಬವೂ ಇತ್ತು.

ಆ ಹುಡುಗಿ ಎರಡನೇ ತರಗತಿಯಲ್ಲಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಮೊಣಕಾಲಿನ ಮೇಲೆ ಯಾವಾಗಲೂ ಒಂದು ಹೊಸ ಗಾಯ. ಮಾತಂತೂ ಕೇಳಲೇ ಬೇಡಿ. ಒಂದು ದಿನ ಮಗ್ಗಿ ಹೇಳಿಸುತ್ತಿದ್ದಾಗ ಎದ್ದು ನಿಂತು, ತಮ್ಮ ಮನೆಯ ಕುರಿಯೊಂದು ಈದ ಮೇಲೆ ಮರಿಯನ್ನು ಹತ್ತಿರ ಸೇರಿಸಲಿಲ್ಲ, ಆಮೇಲೆ ಅಜ್ಜಿ ಆ ಕುರಿಯ ಹಾಲನ್ನೇ ಕರೆದು ಮರಿಯ ಮೈಗೆಲ್ಲ ಸವರಿ ಅದರ ಮೂಗಿನ ಮುಂದೆ ಬಿಟ್ಟಳು, ಮೂಸಿ ಮೂಸಿ ಕಡೆಗೆ ಹೇಗೆ ನೆಕ್ಕಿತು ಎಂದು ಹದಿನೈದು ನಿಮಿಷ ಹೇಳಿದಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು, ಅದೆಲ್ಲ ಅವಳಿಗೆ ಹುಟ್ಟಿನಿಂದ ಬಂದಿತ್ತು. ಕೋಣೆಯಲ್ಲಿದ್ದ ಇಪ್ಪತ್ತಾರು ಮಕ್ಕಳೂ ಪಿಟ್ಟೆನ್ನದೆ ಕೇಳಿದರು, ನಾನೂ ಮಗ್ಗಿ ಮರೆತು ಕೂತುಬಿಟ್ಟೆ.

ಇಂಥ ಹುಡುಗಿಗೆ ಭಾಷೆ ಬರುವುದಿಲ್ಲ ಎಂದು ಒಂದು ಪರೀಕ್ಷೆ ಹೇಳಿತು. ಹೆತ್ತವರ ಭಾಷೆಯಲ್ಲೇ, ಕನ್ನಡದಲ್ಲೇ!

ಪರೀಕ್ಷೆಯನ್ನು ಯಾವುದೋ ಸಂಸ್ಥೆ ತಯಾರು ಮಾಡಿತ್ತು. ಸಣ್ಣ ತರಗತಿಯ ಮಕ್ಕಳು ನೋಡಿದ್ದನ್ನು ಹೇಳುತ್ತಾರೋ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೋ ಎಂದು ಅಳೆಯುವುದು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಟ್ಯಾಬಿನಲ್ಲಿ ಚಿತ್ರ ಬರುತ್ತದೆ, ಪರೀಕ್ಷಕ ಕೇಳುತ್ತಾನೆ, ಮಗು ಹೇಳಿದ್ದನ್ನು ನೋಡಿ ಸರಿ ಅಥವಾ ತಪ್ಪು ಒತ್ತುತ್ತಾನೆ. ಕೊನೆಗೆ ಹಸಿರು, ಹಳದಿ, ಕೆಂಪು ಎಂದು ಬಣ್ಣ ಬರುತ್ತದೆ. ತರಬೇತಿಯಲ್ಲಿ ನಮಗೆ ಒತ್ತಿ ಒತ್ತಿ ಹೇಳಿದ್ದರು: ಎಲ್ಲ ಮಕ್ಕಳಿಗೂ ಅದೇ ಚಿತ್ರ, ಅದೇ ಪ್ರಶ್ನೆ, ಅದೇ ಉತ್ತರ, ಆದ್ದರಿಂದ ಇದರಲ್ಲಿ ಭೇದಭಾವಕ್ಕೆ ಜಾಗವೇ ಇಲ್ಲ. ನಾನೂ ಎಲ್ಲರ ಜೊತೆ ತಲೆ ಅಲ್ಲಾಡಿಸಿ, ಅವರು ಕೊಟ್ಟ ಉಪ್ಪಿಟ್ಟು ತಿಂದು ಬಂದಿದ್ದೆ.

ಪರೀಕ್ಷಕನಾಗಿ ಬಂದವನು ದೊಡ್ಡ ಊರಿನ ಯುವಕ. ಒಳ್ಳೆಯವನೇ, ಮಕ್ಕಳನ್ನೆಲ್ಲ ‘ಪುಟ್ಟಾ’ ಎಂದು ಕರೆಯುತ್ತಿದ್ದ. ಶಿಕ್ಷಕರು ಹಿಂದೆ ನಿಲ್ಲಬಹುದು, ತುಟಿ ಬಿಚ್ಚಬಾರದು ಎಂಬುದು ನಿಯಮ. ಹುಡುಗಿ ಅವನ ಎದುರು ಚಾಪೆಯ ಮೇಲೆ ಕೂತಳು. ಅವನು ಹಸುವಿನ ಚಿತ್ರ ತೋರಿಸಿ, "ಇದು ಏನು ಪುಟ್ಟಾ?" ಎಂದ. ಹುಡುಗಿ ಚಿತ್ರ ನೋಡಿದಳು, ಅವನ ಮುಖ ನೋಡಿದಳು, ಮಾತಾಡಲಿಲ್ಲ. ಮರದ ಚಿತ್ರ, ಬಾವಿಯ ಚಿತ್ರ, ಎಲ್ಲಕ್ಕೂ ಅಷ್ಟೇ. ಅವನು ಒಂದೊಂದಕ್ಕೂ ತಪ್ಪು ಒತ್ತುತ್ತಾ ಹೋದ.

ಪರೀಕ್ಷೆಯೆಲ್ಲ ಮುಗಿದ ಮೇಲೆ ನಾನು ಅವಳನ್ನು ಪಕ್ಕಕ್ಕೆ ಕರೆದು, "ಹಸು ಅಂತ ಹೇಳಾಕ ಏನಾಗಿತ್ತವ್ವ ನಿನಗ?" ಎಂದು ಗದರಿದೆ.

"ಅವರಿಗೆ ಕಣ್ಣು ಕಾಣ್ತಾವಲ್ರಿ ಟೀಚರ್," ಎಂದಳು ಹುಡುಗಿ.

ಅವಳ ಹಟ್ಟಿಯಲ್ಲಿ ದೊಡ್ಡವರು ತಮಗೆ ಗೊತ್ತಿರುವುದನ್ನು ಮಕ್ಕಳ ಹತ್ತಿರ ಕೇಳುವುದಿಲ್ಲ. ಎದುರಿಗೇ ಇರುವ ಹಸುವನ್ನು ತೋರಿಸಿ ಇದೇನು ಎಂದು ಯಾರಾದರೂ ಕೇಳಿದರೆ ಒಂದೋ ಅವರು ತಮಾಷೆ ಮಾಡುತ್ತಿದ್ದಾರೆ, ಇಲ್ಲವೇ ಮುದುಕರಾಗಿ ಅವರ ಕಣ್ಣಿಗೆ ಪೊರೆ ಬಂದಿದೆ. ಆ ಯುವಕನ ಕಣ್ಣು ಚೆನ್ನಾಗಿಯೇ ಇತ್ತು. ಹಾಗಾಗಿ ಇದು ತಮಾಷೆ ಎಂದು ಹುಡುಗಿ ಸುಮ್ಮನೆ ಕೂತಳು.

ಪರೀಕ್ಷೆಯಲ್ಲಿ ಆ ಚಿತ್ರಗಳಾದ ಮೇಲೆ ಬಂದ ಪ್ರಶ್ನೆ ಇನ್ನೂ ಚೆಂದ. "ನಿಮ್ಮ ಮನೆಗೆ ನೆಂಟರು ಬಂದರೆ ಏನು ಹೇಳುತ್ತೀಯ?" ಹುಡುಗಿಯ ಮುಖ ಅರಳಿತು. ಎದ್ದಳು, ಮೂಲೆಯಲ್ಲಿದ್ದ ಕೊಡದಿಂದ ಒಂದು ಚೊಂಬು ನೀರು ತುಂಬಿ ತಂದಳು, ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಇಟ್ಟು, ತಲೆ ತಗ್ಗಿಸಿ ನಿಂತಳು. ನೆಂಟರು ಬಂದಾಗ ಮಕ್ಕಳು ಮಾತಾಡುವುದಲ್ಲ, ನೀರು ಕೊಡುವುದು. ಬಾಗಿಲಲ್ಲಿ ಬಂದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಯಾವ ಭಾಷೆಯಲ್ಲಿದೆ, ನೀವೇ ಹೇಳಿ. ಅವನು ‘ಥ್ಯಾಂಕ್ಸ್ ಪುಟ್ಟಾ’ ಎಂದು ಆ ನೀರು ಕುಡಿದ. ಕುಡಿದು, ಬಾಯಿ ಒರೆಸಿಕೊಂಡು, ‘ಉತ್ತರವಿಲ್ಲ’ ಎಂದು ಒತ್ತಿದ! ನಾನು ಹಿಂದೆ ನಿಂತು ಹಲ್ಲು ಕಚ್ಚಿದೆ. ನಿಯಮ ನಿಯಮವೇ, ತುಟಿ ಬಿಚ್ಚಲಿಲ್ಲ.

ಕೊನೆಗೆ ಹುಲ್ಲುಗಾವಲಿನ ಚಿತ್ರ ಬಂತು. ಸದ್ಯ, ಕುರಿಗಳು! ನನಗೆ ಜೀವ ಬಂದಂತಾಯಿತು. "ಇಲ್ಲಿ ಎಷ್ಟು ಕುರಿಗಳಿವೆ? ಪೂರ್ತಿ ವಾಕ್ಯದಲ್ಲಿ ಹೇಳು," ಎಂದ ಅವನು. ಹುಡುಗಿ ಚಿತ್ರವನ್ನು ಕಣ್ಣರಳಿಸಿ ನೋಡಿದಳು. ಮರುಕ್ಷಣ ಮುಖ ಆ ಕಡೆ ತಿರುಗಿಸಿ, "ಬ್ಯಾಡ್ರಿ," ಎಂದಳು. ಮತ್ತೆ ಕೇಳಿದ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಲ್ಲಿಗೆ ಹತ್ತು ನಿಮಿಷ ಮುಗಿಯಿತು. ಟ್ಯಾಬು ಕೆಂಪಾಯಿತು.

ಇಷ್ಟಕ್ಕೇ ನಿಂತಿದ್ದರೆ ನಾನು ಅದು ಸುಟ್ಟುಹೋಗಲಿ ಎಂದು ಮರೆತುಬಿಡುತ್ತಿದ್ದೆ. ಆದರೆ ಪೋಷಕರ ಸಭೆ ಕರೆದು ಪ್ರತಿ ಮಗುವಿನ ಬಣ್ಣವನ್ನು ಓದಿ ಹೇಳಿ, ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕೆಂದು ಸುತ್ತೋಲೆ ಬಂತು. ಓದಿದೆ. ನಾನೇ ಓದಿದೆ, ಇದೇ ಬಾಯಿಂದ. ಹುಡುಗಿಯ ಹೆಸರು ಹೇಳಿ, ಕೆಂಪು, ತೀರಾ ಹಿಂದುಳಿದಿದ್ದಾಳೆ, ವಿಶೇಷ ತಪಾಸಣೆಗೆ ಕಳಿಸಬೇಕು ಎಂದು ಕಾಗದದಲ್ಲಿದ್ದಂತೆ ಒಂದೇ ಉಸಿರಿಗೆ ಓದಿ, ಮುಂದಿನ ಹೆಸರಿಗೆ ಹೋದೆ. ಎಲ್ಲರೂ ಹೋದ ಮೇಲೆ ಅವಳ ತಾಯಿ ಬಾಗಿಲ ಹತ್ತಿರ ನಿಂತಿದ್ದಳು.

"ಹುಡುಗಿಗೆ ತಲಿ ಇಲ್ಲ ಅಂದಂಗಾತಲ್ರಿ ಟೀಚರಮ್ಮ," ಎಂದಳು.

"ಹಂಗಲ್ಲವ್ವ, ಅದೊಂದು ಪರೀಕ್ಷಿ ಅಷ್ಟ," ಎಂದೆ ನಾನು.

"ನೀವ ಓದಿ ಹೇಳೀರಿ. ನಾನೇನು ಓದಿದಾಕಿ ಅಲ್ಲ. ನನಗೂ ಆಕಿ ಮಾತು ಕೇಳಿ ಕೇಳಿ, ಬಾಳ ಶಾಣ್ಯಾ ಅದಾಳ ಅಂತ ಅನಸ್ತಿತ್ತು. ತಪ್ಪು ತಿಳಕೊಂಡಿದ್ದೆ ಬಿಡ್ರಿ. ದೀಪಾವಳಿ ಆದ ಮ್ಯಾಲೆ ನಮ್ಮ ಮನಿಯವರು ಕುರಿ ಹೊಡಕೊಂಡು ನೀರಾವರಿ ಸೀಮಿಗೆ ಹೋಗ್ತಾರ. ಮರಿ ನೋಡಾಕ ಹಟ್ಟ್ಯಾಗ ಒಬ್ಬರು ಬೇಕು. ಈಕಿನ್ನ ಅಲ್ಲೇ ಹಾಕ್ತೀನಿ. ಇಲ್ಲಿ ಸುಮ್ಮನ ಯಾಕ ನಿಮಗ ತ್ರಾಸು."

ಅವಳು ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ತನ್ನ ಮಗಳ ಬಗ್ಗೆ ತನಗಿದ್ದ ಹೆಮ್ಮೆಗೆ ನಾಚಿಕೊಂಡು ಹೇಳಿದಳು.

ಮರುದಿನ ಶಾಲೆ ಬಿಟ್ಟ ಮೇಲೆ ಬಸ್ಸು ತಪ್ಪಿದರೆ ತಪ್ಪಲಿ ಎಂದು ಹಟ್ಟಿಗೆ ಹೋದೆ. ಒಂಬತ್ತು ವರ್ಷದಲ್ಲಿ ಜನಗಣತಿಗೆ, ಓಟಿನ ಪಟ್ಟಿಗೆ ಹೋಗಿದ್ದೆನೇ ಹೊರತು ಸುಮ್ಮನೆ ಹೋದವಳಲ್ಲ. ಕುರಿಗಳು ಗುಡ್ಡದಿಂದ ಇಳಿದು ಬರುವ ಹೊತ್ತು. ಮುಳ್ಳುಬೇಲಿಯ ಕಂಡಿಯ ಪಕ್ಕದಲ್ಲಿ ತಾಯಿ, ಅವಳ ಪಕ್ಕದಲ್ಲಿ ಹುಡುಗಿ ನಿಂತು ಒಳಗೆ ನುಗ್ಗುವ ಒಂದೊಂದು ಮುಖವನ್ನೂ ನೋಡುತ್ತಿದ್ದರು. ಎಲ್ಲ ಒಳಗಾದ ಮೇಲೆ ಹುಡುಗಿ, "ಕಿವಿ ಹರಕಿ ಬಂದಿಲ್ಲ," ಎಂದಳು. ತಾಯಿ ಗುಡ್ಡದ ಕಡೆ ತಿರುಗಿ ಕೂಗು ಹಾಕಿದಳು. ಸ್ವಲ್ಪ ಹೊತ್ತಿಗೆ ಕಿವಿ ಹರಿದ ಒಂದು ಕುರಿ ಕುಂಟುತ್ತ ಬಂತು.

"ಎಷ್ಟು ಕುರಿ ಅದಾವವ್ವ ನಿಮ್ಮವು?" ಎಂದು ನಾನು ಮಾತಿಗೆ ಕೇಳಿದೆ.

ತಾಯಿ ಕೆನ್ನೆ ಕೆನ್ನೆ ಬಡಿದುಕೊಂಡಳು. "ಹಂಗ ಕೇಳಬಾರ್ದ್ರಿ. ಕುರಿ ಎಣಸಬಾರ್ದು. ಎಣಸಿದ್ರ ಕಡಿಮಿ ಆಗ್ತಾವ ಅಂತ ನಮ್ಮ ಅತ್ತಿ ಒಂದ್ಸಲಾನೂ ಎಣಸಗೊಡಲಿಲ್ಲ. ಮುಖ ನೋಡಿದ್ರ ಸಾಕಲ್ರಿ."

ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. ಆ ಕೂಸು ಬಾಯಿ ಮುಚ್ಚಿಕೊಂಡದ್ದು ಉತ್ತರ ಬಾರದೆ ಅಲ್ಲ, ಆ ಚಿತ್ರದ ಕುರಿಗಳಿಗೆ ಕೇಡಾಗಬಾರದು ಎಂದು. ಯಾರದೋ ಕುರಿ, ಗುರುತಿಲ್ಲದ ಊರಿನವು, ಅವುಗಳಿಗೂ ಕೇಡಾಗಬಾರದು! ಇದನ್ನು ಅಳೆಯಲು ಆ ಸುಡುಗಾಡು ಟ್ಯಾಬಿನಲ್ಲಿ ಯಾವ ಬಣ್ಣವಿದೆ?

"ಇನ್ನೊಂದ್ಸಲ ಪರೀಕ್ಷಿ ಮಾಡಸ್ತೀನಿ. ಹಸಿರು ಬಂದ್ರ ಸಾಲಿ ಬಿಡಸಬ್ಯಾಡ," ಎಂದೆ ತಾಯಿಗೆ.

"ಹಸಿರು ಬಂದ್ರ ಕಳಸ್ತೀನಿ. ಬರಲಿಲ್ಲಂದ್ರ ನೀವು ಮತ್ತ ಬಂದು ಕೇಳಬಾರ್ದು," ಎಂದಳು ಅವಳು. ಒಪ್ಪಿದೆ.

ನಮ್ಮ ಮೇಲಿನ ಅಧಿಕಾರಿ ಇಟ್ಟಿಗಿ ಕಡೆಯ ರೈತರ ಮನೆಯವರು. ಅವರ ಮುಂದೆ ಎಲ್ಲವನ್ನೂ ಹೇಳಿದೆ, ಹಸು, ಚೊಂಬು, ಕುರಿ, ಒಂದೂ ಬಿಡದೆ. ಪೂರ್ತಿ ಕೇಳಿ, ನಕ್ಕು, "ಖರೇನ ಐತ್ರಿ ಮೇಡಂ. ನಮ್ಮ ಮನ್ಯಾಗೂ ರಾಶಿ ಮಾಡುವಾಗ ಬಾಯಿಬಿಟ್ಟು ಎಣಸಂಗಿಲ್ಲ. ಆದ್ರ ಉತ್ತರ ಮ್ಯಾಲಿಂದ ಬಂದಾವ, ನಾನೇನ ಮಾಡ್ಲಿ?" ಎಂದರು.

"ಖರೇ ಐತಿ ಅಂತೀರಿ, ಮತ್ತ ಮ್ಯಾಲಕ್ಕ ಬರೀರಲ್ಲ ಸರ್," ಎಂದೆ.

"ಬರದ್ರ ವಿವರಣಿ ಕೇಳ್ತಾರ. ಒಂದು ಹುಡುಗಿ ಸಲುವಾಗಿ ಯಾಕ ಇಷ್ಟೆಲ್ಲ? ಮರುಪರೀಕ್ಷಿ ಹಾಕಿಕೊಡ್ತೀನಿ. ಅಷ್ಟರೊಳಗ ಉತ್ತರ ಕಲಿಸಿಬಿಡ್ರಿ, ಮುಗೀತು."

ತಮ್ಮ ಮನೆಯ ರೂಢಿ ಗೊತ್ತಿದ್ದೂ ಕಾಗದದ ಪಕ್ಷ ಹಿಡಿಯುವವರನ್ನು ಕಂಡರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಆದರೆ ಮಾಡಿದ್ದೇನು? ಅವರು ಹೇಳಿದ ಹಾಗೆಯೇ ಮಾಡಿದೆ. ಬೇರೆ ದಾರಿ ಹೊಳೆಯಲಿಲ್ಲ.

ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹುಡುಗಿಯನ್ನು ಕೂರಿಸಿಕೊಂಡು, ತರಬೇತಿಯಲ್ಲಿ ಕೊಟ್ಟಿದ್ದ ಹಾಳೆಗಳಿಂದ ಅದೇ ಹಸುವಿನ ಚಿತ್ರ ತೋರಿಸಿ, "ಇದೇನು?" ಎನ್ನುತ್ತಿದ್ದೆ. "ನಿಮಗ ಗೊತ್ತೈತಲ್ರಿ," ಎನ್ನುತ್ತಿದ್ದಳು. "ಗೊತ್ತೈತವ್ವ, ಆದ್ರೂ ಹೇಳಬೇಕು," ಎನ್ನುತ್ತಿದ್ದೆ. ನನ್ನ ಮೇಲಿನ ಪ್ರೀತಿಗೆ ಕಲಿತಳು. ನೆಂಟರು ಬಂದರೆ ನೀರು ತರಬೇಡ, ನೆಟ್ಟಗೆ ನಿಂತು ‘ನಮಸ್ಕಾರ, ಬನ್ನಿ, ಕುಳಿತುಕೊಳ್ಳಿ’ ಎನ್ನು ಎಂದು ಕಲಿಸಿದೆ. ಅದನ್ನೂ ಕಲಿತಳು. ಯಾರೋ ಕೀಲಿ ಕೊಟ್ಟ ಗೊಂಬೆಯ ಹಾಗೆ ಅವಳು ಅದನ್ನು ಹೇಳಿದಾಗ, ಬೇರೆ ಯಾರಾದರೂ ಹೀಗೆ ಕಲಿಸಿದ್ದರೆ ಅವರಿಗೆ ನಾನು ಉಗಿಯುತ್ತಿದ್ದೆ ಅನ್ನಿಸಿತು. ಕುರಿಯ ಚಿತ್ರಕ್ಕೆ ಮಾತ್ರ ಅವಳು ಬಗ್ಗಲಿಲ್ಲ. ಹುಣಸೆ ಬೀಜ ಎಣಿಸು ಎಂದರೆ ನೂರರವರೆಗೆ ಎಣಿಸಿದಳು. ಕುರಿ ಎಂದರೆ ಬಾಯಿಗೆ ಕೈ. ನನಗೂ ಜೋರು ಮಾಡಲು ಮನಸ್ಸಾಗಲಿಲ್ಲ. ಮರುಪರೀಕ್ಷೆಯ ದಿನ ತಾಯಿಯೇ ಬಂದು ಒಂದು ಮಾತು ಹೇಳಲಿ ಎಂದು ಹೇಳಿಕಳಿಸಿದೆ.

ದೀಪಾವಳಿಗೆ ವಾರವಿರುವಾಗ ಅದೇ ಯುವಕ ಅದೇ ಟ್ಯಾಬು ಹಿಡಿದು ಬಂದ. ತಾಯಿ ಬಂದು ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಹಸು, ಮರ, ಬಾವಿ, ಹುಡುಗಿ ಒಂದೊಂದನ್ನೂ ಹೇಳಿದಳು. ನೆಂಟರಿಗೆ ನೆಟ್ಟಗೆ ನಿಂತು ನಮಸ್ಕಾರ ಹೇಳಿದಳು. ಬಾಗಿಲಲ್ಲಿದ್ದ ತಾಯಿ ಮುಖ ಸಣ್ಣ ಮಾಡಿ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಆಮೇಲೆ ಹುಲ್ಲುಗಾವಲು ಬಂತು. ಯುವಕ ನನ್ನ ಕಡೆ ತಿರುಗಿ ಮೆಲ್ಲಗೆ, "ಇದೊಂದು ಸರಿಯಾದರೆ ಹಸಿರು ಮೇಡಂ," ಎಂದ.

"ಎಷ್ಟು ಕುರಿಗಳಿವೆ ಪುಟ್ಟಾ?"

ಹುಡುಗಿ ತಾಯಿಯ ಕಡೆ ತಿರುಗಿದಳು. ತಾಯಿ ಬಾಯೊಳಗೇ ದೇವರಿಗೆ ಏನೋ ಹೇಳಿಕೊಂಡಳು. ಆಮೇಲೆ, "ಅವು ಗಾಜಿನ ಒಳಗಿನವು ಮಗಳ. ಜೀವ ಇಲ್ಲ ಅವಕ್ಕ. ಎಣಸು, ಏನಾಗಂಗಿಲ್ಲ," ಎಂದಳು.

ಹುಡುಗಿ ಬಗ್ಗಿ, ಬೆರಳು ಮುಟ್ಟಿಸದೆ, ಒಂದೊಂದನ್ನೇ ಕಣ್ಣಲ್ಲಿ ಎಣಿಸಿದಳು. ತಲೆ ಎತ್ತಿ, ಕಲಿಸಿದಂತೆ ಪೂರ್ತಿ ವಾಕ್ಯದಲ್ಲಿ, "ಇಲ್ಲಿ ಆರು ಕುರಿಗಳಿವೆ," ಎಂದಳು.

ಯುವಕನ ಬೆರಳು ಅರ್ಧಕ್ಕೇ ನಿಂತಿತು. "ಸರಿಯಾಗಿ ನೋಡು ಪುಟ್ಟಾ. ಇನ್ನೊಂದು ಸಲ."

"ಆರ ಅದಾವ್ರಿ. ಅದೊಂದು ಆಡು."

ನಾನು ನಿಯಮ ಮುರಿದು ಮುಂದೆ ಬಂದು ಬಗ್ಗಿ ನೋಡಿದೆ. ಬೆಳ್ಳಗೆ ಗುಂಗುರು ತುಪ್ಪಳದ ಆರು ಕುರಿ. ಬಲಗಡೆ ಮೂಲೆಯಲ್ಲಿ ಬೆಳ್ಳಗಿನದೇ ಇನ್ನೊಂದು. "ಅದ್ಯಾಕ ಆಡು?" ಎಂದೆ.

"ಬಾಲ ಮ್ಯಾಲೆ ನಿಂತೈತಲ್ರಿ ಟೀಚರ್. ಕುರಿ ಬಾಲ ಕೆಳಗ ಬಿದ್ದಿರತೈತಿ," ಎಂದಳು ಹುಡುಗಿ. ಇಷ್ಟೂ ಗೊತ್ತಿಲ್ಲವೇ ಎಂಬ ದನಿ.

"ಇದರಲ್ಲಿ ಏಳು ಅಂತ ಇದೆ ಮೇಡಂ," ಎಂದ ಯುವಕ.

"ಬರೆದವರಿಗೆ ಗೊತ್ತಿಲ್ಲಪ್ಪ, ಆಡು ಬರೆದಿದ್ದಾರೆ. ಕಣ್ಣಿಗೆ ಕಾಣುತ್ತಿಲ್ಲವಾ? ಸರಿ ಅಂತ ಒತ್ತು!"

"ಕಾಣುತ್ತೆ ಮೇಡಂ. ಆದರೆ ನಾನು ಒತ್ತಿದ್ದೆಲ್ಲ ಅಲ್ಲಿ ಪರಿಶೀಲನೆ ಆಗುತ್ತೆ. ಆರು ಅಂದರೆ ತಪ್ಪು ಅಂತಲೇ ಒತ್ತಬೇಕು." ಪಾಪ, ಅವನ ದನಿಯೂ ಇಳಿದಿತ್ತು. ಒತ್ತಿದ. ಹಳದಿ ಕೂಡ ಅಲ್ಲ, ಮತ್ತೆ ಕೆಂಪೇ ಬಂತು. ಕೊನೆಯ ಪ್ರಶ್ನೆಗೆ ಅಷ್ಟು ತೂಕವಂತೆ. ನಾನು ಕೂಗಾಡಿದೆ. ಏನು ಕೂಗಾಡಿದೆನೋ ನೆನಪಿಲ್ಲ, ಪಕ್ಕದ ಕೋಣೆಯ ಮಕ್ಕಳೆಲ್ಲ ಕಿಟಕಿಗೆ ಬಂದಿದ್ದರು.

"ಏನಾತ್ರಿ?" ತಾಯಿ ಎದ್ದು ಒಳಗೆ ಬಂದಿದ್ದಳು.

ಸುಳ್ಳು ಹೇಳಬಹುದಿತ್ತು. ಹಸಿರು ಬಂತು ಎಂದರೆ ಅವಳು ನಂಬಿಬಿಡುತ್ತಿದ್ದಳು, ಮೊದಲ ಸಲ ಕೆಂಪನ್ನು ನಂಬಿದ ಹಾಗೆಯೇ. ಆದರೆ ಎದುರಿಗೆ ಹುಡುಗಿ ನಿಂತಿದ್ದಳು, ತಾನು ಹೇಳಿದ್ದು ಸರಿಯೋ ತಪ್ಪೋ ಎಂದು ನನ್ನ ಬಾಯನ್ನೇ ನೋಡುತ್ತ. "ಕೆಂಪು ಬಂತವ್ವ. ಏಳು ಕುರಿ ಅನಬೇಕಿತ್ತಂತ. ಈಕಿ ಆರು ಅಂದ್ಲು," ಎಂದೆ.

ತಾಯಿ ಯುವಕನ ಕೈಯಿಂದ ಟ್ಯಾಬು ಇಸಿದುಕೊಂಡು, ದೂರ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದಳು. ನೋಡಿದವಳೇ ಫಕ್ಕನೆ ನಕ್ಕಳು. "ಯವ್ವಾ! ಇದಕ್ಕ ಕುರಿ ಅಂತಾರೇನ್ರಿ?" ಎಂದಳು. ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ನಗು ಒಮ್ಮೆಲೇ ನಿಂತಿತು.

"ಅವತ್ತು ನನ್ನ ಮಗಳಿಗೆ ತಲಿ ಇಲ್ಲ ಅಂದವರು ಇವರೇನ್ರಿ?"

"ಹೌದವ್ವ."

"ನೀವೂ ಈ ಚಿತ್ರ ನೋಡಿದ್ರಿ?"

"ನೋಡಿದ್ದೆ."

"ಎಷ್ಟು ಸಲ?"

ಇಪ್ಪತ್ತಾರು ಮಕ್ಕಳು, ಇಪ್ಪತ್ತಾರು ಸಲ. ಅದಾದ ಮೇಲೆ ಆ ಕಲಿಸುವ ದಿನಗಳಲ್ಲಿ ಎಷ್ಟು ಸಲವೋ. ನಾನೂ ಪ್ರತಿ ಸಲ ಏಳು ಕುರಿ ಎಂದೇ ಎಣಿಸಿದ್ದೆ.

ತಾಯಿ ಟ್ಯಾಬನ್ನು ಯುವಕನಿಗೆ ಕೊಟ್ಟಳು. ಮಗಳ ತಲೆಯ ಮೇಲೆ ಕೈಯಿಟ್ಟು, ಬೈತಲೆ ಸರಿಮಾಡಿ, ಚಾಪೆಯ ಮೇಲೆ ಕೂರಿಸಿದಳು.

"ನೀ ಇಲ್ಲೇ ಕುಂದ್ರು. ಮರಿ ನಾ ನೋಡಿಕೊಂತೀನಿ. ಟೀಚರಮ್ಮಗ ಆಡು ಯಾವುದು, ಕುರಿ ಯಾವುದು ಅಂತ ಸಾವಕಾಶ ಹೇಳಿಕೊಡು. ಜೋರು ಮಾಡಬ್ಯಾಡ," ಎಂದು ಹೇಳಿ ಹೊರಟಳು.